ಹಿಟ್ಟು ಹತ್ತಿದ ಪುಸ್ತಕಗಳು

ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಗಿರಣಿಗೆ ರಾಗಿ ಬೀಸಿಸಲು ಹೋದರೆ ಅರ್ಧ ಗಂಟೆಯಾದರೂ ಕಾಯಬೇಕು. ಬಾಗಿಲಿನಿಂದ ಶುರುವಾಗಿ ಡಬ್ಬ, ಚೀಲ, ಬಕೆಟ್ಟುಗಳ ಸಾಲು. ನಮ್ಮ ಬದಲು ನಮ್ಮ ಡಬ್ಬ ಸರದಿಯಲ್ಲಿ ನಿಲ್ಲುತ್ತದೆ, ನಾವು ಗೋಡೆ ಪಕ್ಕದ ಮರದ ಬೆಂಚಿನ ಮೇಲೆ ಕೂತಿರುತ್ತೇವೆ. ಯಂತ್ರದ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ, ಹಾಗಾಗಿ ಹರಟೆಗೂ ದಾರಿಯಿಲ್ಲ. 2019ರ ಜೂನ್‌ನಲ್ಲಿ ಒಂದು ದಿನ ಹಾಗೆ ಕೂತು, ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲ, ಗುಳಿಕಕಾಲಗಳನ್ನೆಲ್ಲ ಮೂರನೇ ಸಲ ಓದಿ ಮುಗಿಸಿದಾಗ, ಇಲ್ಲೊಂದು ಪುಸ್ತಕವಿದ್ದಿದ್ದರೆ ಅನ್ನಿಸಿತು. ಮುಂದಿನ ವಾರ ಗಿರಣಿಯ ಯಜಮಾನರನ್ನು ಕೇಳಿಕೊಂಡು ಬೆಂಚಿನ ಮೇಲ್ಭಾಗದ ಗೋಡೆಗೆ ಮೂರಡಿ ಉದ್ದದ ಹಲಗೆ ಹೊಡೆಸಿದೆ. ಮನೆಯಿಂದ ಇಪ್ಪತ್ತಾರು ಪುಸ್ತಕ ತಂದು ಜೋಡಿಸಿದೆ. ರಟ್ಟಿನ ಮೇಲೆ ಹೀಗೆ ಬರೆದು ನೇತು ಹಾಕಿದೆ: ‘ಓದಿ. ಬೇಕಾದರೆ ಮನೆಗೆ ಒಯ್ಯಿರಿ. ವಾಪಸ್ಸು ತರಬೇಕಾಗಿಲ್ಲ.’

ಎರಡು ವಾರ ಒಂದು ಪುಸ್ತಕವೂ ಅಲ್ಲಾಡಲಿಲ್ಲ. ಕೂತಲ್ಲೇ ತೆಗೆದು ಓದುತ್ತಿದ್ದರು, ಡಬ್ಬದ ಸರದಿ ಬಂದ ಕೂಡಲೇ ಇದ್ದಲ್ಲೇ ಇಡುತ್ತಿದ್ದರು. “ಬಿಟ್ಟಿ ಅಂದ್ರೆ ಜನಕ್ಕೆ ಅನುಮಾನ ಮೇಡಂ” ಅಂದರು ಯಜಮಾನರು. ಮೂರನೇ ವಾರ ಅರವತ್ತು ದಾಟಿದ ಒಬ್ಬ ಹೆಂಗಸು ಒಂದು ಕಾದಂಬರಿಯನ್ನು ಅರ್ಧದವರೆಗೆ ಓದಿ, ಬೆರಳು ಒಳಗಿಟ್ಟುಕೊಂಡೇ ನನ್ನ ಕಡೆ ತಿರುಗಿದರು.

“ಯಾವಾಗ ತಂದುಕೊಡಬೇಕು?”

“ಕೊಡಬೇಕಾಗಿಲ್ಲ ಅಮ್ಮ, ನೀವೇ ಇಟ್ಟುಕೊಳ್ಳಿ.”

“ಹಾಗಾದರೆ ಬೇಡ” ಎಂದು ಪುಸ್ತಕ ಮುಚ್ಚಿ ಎದ್ದುಬಿಟ್ಟರು.

ನನಗೆ ಏನೋ ತಪ್ಪು ಮಾಡಿದೆ ಅನ್ನಿಸಿತು. ಬಾಗಿಲ ತನಕ ಹಿಂದೆ ಹೋಗಿ, “ಗೌರಿ ಹಬ್ಬದ ಹೊತ್ತಿಗೆ ತಂದುಕೊಡಿ” ಅಂದೆ. ಆಗ ತೆಗೆದುಕೊಂಡರು. ಹಬ್ಬಕ್ಕೆ ನಾಲ್ಕು ದಿನ ಮೊದಲೇ, ಹಳೆಯ ಪಂಚಾಂಗದ ಹಾಳೆಯಲ್ಲಿ ಬೈಂಡು ಹಾಕಿ ತಂದು ಹಲಗೆಯ ಮೇಲಿಟ್ಟರು. ಅಂದಿನಿಂದ ಇವತ್ತಿನವರೆಗೆ ಎಷ್ಟು ಪುಸ್ತಕ ಓದಿದ್ದಾರೋ ಲೆಕ್ಕವಿಲ್ಲ. ಅವರಿಗೆ ಬೇಡವಾಗಿದ್ದದ್ದು ಪುಸ್ತಕವಲ್ಲ, ದಾನ. ಎರವಲು ತೆಗೆದುಕೊಳ್ಳುವವರಿಗೆ ಇರುವ ಘನತೆಯನ್ನು ನನ್ನ ಆ ರಟ್ಟಿನ ಫಲಕ ಕಿತ್ತುಕೊಂಡಿತ್ತು. ಆ ರಾತ್ರಿಯೇ ಅದನ್ನು ತಿದ್ದಿ ಬರೆದೆ: ‘ಓದಿ ಮುಗಿದ ಮೇಲೆ ಇಲ್ಲಿಗೆ ತನ್ನಿ. ಇಲ್ಲವೇ ಓದುವ ಇನ್ನೊಬ್ಬರಿಗೆ ಕೊಡಿ.’ ಅದಾದ ಮೇಲೆ ಹಲಗೆ ಖಾಲಿಯಾಗತೊಡಗಿತು, ತುಂಬತೊಡಗಿತು.

ತಿರುಗಿ ಬಂದ ಪುಸ್ತಕಗಳನ್ನು ನೋಡುವುದು ನನಗೆ ಒಂದು ಚಟವೇ ಆಗಿದೆ. ಗಿರಣಿಯಲ್ಲಿ ಗಾಳಿಯೇ ಹಿಟ್ಟು, ಎಷ್ಟು ಒರೆಸಿದರೂ ಪುಸ್ತಕದ ನೆತ್ತಿಯ ಮೇಲೆ ಒಂದು ಪದರ ಕೂತಿರುತ್ತದೆ. ಪುಟ ತಿರುಗಿಸಿದ ಬೆರಳಿನ ಗುರುತು ಪ್ರತಿ ಹಾಳೆಯ ಬಲಗಡೆಯ ಕೆಳಮೂಲೆಯಲ್ಲಿ ಬಿದ್ದಿರುತ್ತದೆ. ಗೋಧಿಯದಾದರೆ ಬಿಳಿ, ರಾಗಿಯದಾದರೆ ಬೂದುಗೆಂಪು. ಗುರುತು ಎಲ್ಲಿಗೆ ನಿಂತಿದೆಯೋ ಅಲ್ಲಿಗೆ ಅವರ ಡಬ್ಬದ ಸರದಿ ಬಂತು ಎಂದು ಅರ್ಥ. ಒಮ್ಮೆ ಒಂದು ಕಥಾಸಂಕಲನ ತೆರೆದ ಕೂಡಲೇ ನಾಲ್ಕು ಸಲ ಸೀನಿದೆ. ಖಾರದಪುಡಿ ಮಾಡಿಸಲು ಬಂದವರು ಯಾರೋ ಅದನ್ನು ಕಡೆಯ ಪುಟದವರೆಗೂ ಓದಿದ್ದರು.

ನಮ್ಮ ತಂದೆಗೆ ಈ ಕೆಲಸ ಒಪ್ಪಿಗೆಯಾಗುತ್ತಿತ್ತೋ ಇಲ್ಲವೋ. ಅವರ ಪುಸ್ತಕದ ಬೀರುವಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು: ‘ಪುಸ್ತಕಂ ವನಿತಾ ವಿತ್ತಂ ಪರಹಸ್ತಗತಂ ಗತಂ.’ ಪುಸ್ತಕ, ಹೆಣ್ಣು, ಹಣ ಇನ್ನೊಬ್ಬರ ಕೈಗೆ ಹೋದರೆ ಹೋದಂತೆಯೇ. ಹೆಣ್ಣನ್ನು ಹಣದ ಪಕ್ಕದಲ್ಲಿಟ್ಟ ಆ ಸಾಲಿನ ಮೇಲೆ ನನಗೆ ಚಿಕ್ಕಂದಿನಿಂದಲೂ ಸಿಟ್ಟು. ಪುಸ್ತಕದ ವಿಷಯದಲ್ಲೂ ಅದು ಸುಳ್ಳು ಎಂದು ಗೊತ್ತಾಗಲು ಬಹಳ ವರ್ಷ ಬೇಕಾಯಿತು. ಪರಹಸ್ತಕ್ಕೆ ಹೋಗದ ಪುಸ್ತಕವೇ ಹೆಚ್ಚಾಗಿ ಸಾಯುವುದು. ನಮ್ಮ ತಂದೆಯ ಬೀರುವಿಗೆ ಕೊನೆಗೆ ಗೆದ್ದಲು ಹಿಡಿಯಿತು. ಬೀಗ ಹಾಕಿದ್ದ ಬೀರುವಾದ್ದರಿಂದ ಯಾರಿಗೂ ಗೊತ್ತೇ ಆಗಲಿಲ್ಲ. ಬಾಗಿಲು ತೆಗೆದಾಗ ಬೆನ್ನುಗಳು ನೆಟ್ಟಗೆ ನಿಂತಿದ್ದವು, ಹಿಂದೆ ಪುಸ್ತಕವಿರಲಿಲ್ಲ, ಮಣ್ಣಿತ್ತು.

ಹಾಗೆ ನೋಡಿದರೆ ನಾವೆಲ್ಲ ಓದಿ ಬೆಳೆದದ್ದೇ ಕೈಯಿಂದ ಕೈಗೆ ದಾಟಿ ಬಂದ ಪುಸ್ತಕಗಳಲ್ಲಿ. ಆಗ ಪ್ರತಿ ವರ್ಷ ಶಾಲೆ ಶುರುವಾಗುವ ಹೊತ್ತಿಗೆ, ಮುಂದಿನ ತರಗತಿಗೆ ಹೋದವರ ಮನೆ ಹುಡುಕಿಕೊಂಡು ಹೋಗಿ ಪಠ್ಯಪುಸ್ತಕಗಳನ್ನು ಅರ್ಧ ರೇಟಿಗೆ ತರುತ್ತಿದ್ದೆವು. ಎರಡು ವರ್ಷ ಹಳೆಯದಾದರೆ ಕಾಲು ರೇಟು. ಮೊದಲ ಪುಟದಲ್ಲಿ ‘ನನ್ನ ಹೆಸರು ತಿಳಿಯಬೇಕಾದರೆ 36ನೇ ಪುಟ ನೋಡಿ’ ಎಂದಿರುತ್ತಿತ್ತು. ಅಲ್ಲಿಗೆ ಹೋದರೆ ‘72ನೇ ಪುಟ ನೋಡಿ’. ಹಾಗೆ ಓಡಾಡಿಸಿ ಓಡಾಡಿಸಿ ಕೊನೆಗೆ ಒಂದು ಹೆಸರು. ಅದನ್ನು ಹೊಡೆದು ಹಾಕಿ ನಮ್ಮ ಹೆಸರು ಬರೆಯುತ್ತಿದ್ದೆವು. ಏಳನೇ ತರಗತಿಯ ನನ್ನ ಸಮಾಜ ಪುಸ್ತಕದಲ್ಲಿ ಹಾಗೆ ಹೊಡೆದ ಮೂರು ಹೆಸರಿದ್ದವು, ಒಂದು ನಾನು ಕಂಡೇ ಇರದ ಹುಡುಗನದು. ಅವನು ನಕ್ಷತ್ರದ ಗುರುತು ಹಾಕಿ ‘ಇಂಪಾರ್ಟೆಂಟ್’ ಎಂದು ಬರೆದಿದ್ದ ಪ್ರಶ್ನೆಗಳೇ ನನ್ನ ಪರೀಕ್ಷೆಗೂ ಬಂದವು. ಆ ಹುಡುಗನ ಋಣ ನನ್ನ ಮೇಲಿದೆ.

ಕನ್ನಡದ ಓದುಗರಿಗೆ ಹಳೆಯ ಪುಸ್ತಕ ಯಾಕೆ ಅಷ್ಟು ಮುಖ್ಯ ಎಂದು ಕೇಳಿದರೆ ನಾನು ಶೀರ್ಷಿಕೆ ಪುಟದ ಹಿಂಬದಿಯನ್ನು ತೋರಿಸುತ್ತೇನೆ. ಮೊದಲ ಮುದ್ರಣದ ವರ್ಷ, ಪುಟಗಳು, ಬೆಲೆ, ಕಾಗದ, ‘ಡೆಮಿ 1/8’ ಎಂಬ ಅಳತೆ. ಅವುಗಳ ನಡುವೆ ಒಂದು ಸಾಲು: ‘ಪ್ರತಿಗಳು: 1000’. ಒಮ್ಮೊಮ್ಮೆ 500. ಕೋಟಿಗಟ್ಟಲೆ ಜನ ಆಡುವ ನುಡಿಯಲ್ಲಿ ಒಂದು ಪುಸ್ತಕದ ಸಾವಿರ ಪ್ರತಿ! ಸರ್ಕಾರಿ ಗ್ರಂಥಾಲಯದ ಸಗಟು ಖರೀದಿಗೆ ಆಯ್ಕೆಯಾದರೆ ಅದರಲ್ಲಿ ಮುನ್ನೂರು ಪ್ರತಿ ಅತ್ತ ಹೋಯಿತು. ಲೇಖಕರು ಹಂಚಿದ್ದು, ಸ್ನೇಹಿತರು ಕೊಂಡದ್ದು, ಅಂಗಡಿಯಲ್ಲಿ ಕೂತದ್ದು ಎಂದು ಮಿಕ್ಕದ್ದೂ ಮುಗಿಯಿತು. ಹೆಸರಾಂತ ಕೆಲವರ ಪುಸ್ತಕಗಳನ್ನು ಬಿಟ್ಟರೆ ಎರಡನೆಯ ಮುದ್ರಣದ ಮಾತೇ ಇಲ್ಲ. ಅಂದಮೇಲೆ ನಲವತ್ತು ವರ್ಷದ ಹಿಂದಿನ ಒಂದು ಒಳ್ಳೆಯ ಪುಸ್ತಕ ಇವತ್ತು ಎಲ್ಲಿದೆ? ಯಾರದೋ ಮನೆಯ ಅಟ್ಟದ ಮೇಲೆ. ಅವರು ಅದನ್ನು ಕೆಳಗಿಳಿಸಿ ಇನ್ನೊಬ್ಬರಿಗೆ ಕೊಟ್ಟ ದಿನ ಆ ಒಬ್ಬ ಓದುಗನ ಪಾಲಿಗೆ ಅದು ಮರುಮುದ್ರಣ.

ಈ ಸಾವಿರದ ಲೆಕ್ಕ ನೋಡಿದಾಗಲೆಲ್ಲ ನನಗೆ ಅತ್ತಿಮಬ್ಬೆ ನೆನಪಾಗುತ್ತಾಳೆ. ದಾನಚಿಂತಾಮಣಿ ಎಂದು ಹೊಗಳಿಸಿಕೊಂಡವಳು, 1007ರಲ್ಲಿ ಲಕ್ಕುಂಡಿಯ ಬ್ರಹ್ಮಜಿನಾಲಯ ಕಟ್ಟಿಸಿದವಳು. ಅವಳ ತಂದೆ ಮಲ್ಲಪ, ಚಿಕ್ಕಪ್ಪ ಪುನ್ನಮಯ್ಯ ಸೇರಿ ಪೊನ್ನನಿಂದ ಬರೆಸಿದ ಕಾವ್ಯ ‘ಶಾಂತಿಪುರಾಣ’. ಅತ್ತಿಮಬ್ಬೆ ಅದರ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಪ್ರತಿ ಮಾಡಿಸುವುದೆಂದರೆ ಏನು? ಓಲೆಗರಿ ಹದ ಮಾಡಬೇಕು, ಕಂಟದಲ್ಲಿ, ಅಂದರೆ ಮೊನೆಯಾದ ಲೋಹದ ಕಡ್ಡಿಯಲ್ಲಿ, ಒಂದೊಂದೇ ಅಕ್ಷರ ಕೊರೆಯಬೇಕು, ಮಸಿ ತೀಡಿ ಒರೆಸಬೇಕು, ತೂತು ಕೊರೆದು ದಾರ ಪೋಣಿಸಬೇಕು. ಅದನ್ನು ಸಾವಿರ ಸಲ. ಜೈನರಲ್ಲಿ ಅನ್ನ, ಔಷಧ, ಅಭಯಗಳ ಜೊತೆಗೆ ಶಾಸ್ತ್ರವೂ ದಾನಗಳಲ್ಲಿ ಒಂದು. ಹಸಿದವನಿಗೆ ಅನ್ನ ಕೊಡುವುದೂ ಓದುವವನಿಗೆ ಪುಸ್ತಕ ಕೊಡುವುದೂ ಒಂದೇ ಸಾಲಿನಲ್ಲಿ ಬರುತ್ತವೆ. ಸಾವಿರ ವರ್ಷದ ಹಿಂದೆ ಒಬ್ಬ ಹೆಂಗಸು ಕೈಯಲ್ಲಿ ಬರೆಸಿದ್ದೂ ಸಾವಿರ ಪ್ರತಿ, ಇವತ್ತು ಆಫ್‌ಸೆಟ್ ಯಂತ್ರದಲ್ಲಿ ನಾವು ಅಚ್ಚು ಹಾಕಿಸುವುದೂ ಸಾವಿರ ಪ್ರತಿ. ಇದರಲ್ಲಿ ಹೆಮ್ಮೆಪಡಬೇಕೋ ಸಂಕಟಪಡಬೇಕೋ ನನಗೆ ತಿಳಿಯದು. ಒಂದಂತೂ ನಿಜ, ಅವಳು ಕೊಟ್ಟ ಓಲೆಗಳನ್ನು ಪಡೆದವರು ಬೀರುವಿಗೆ ಹಾಕಿ ಬೀಗ ಜಡಿದಿದ್ದರೆ, ಅವರಿಂದ ಇನ್ನೊಬ್ಬರು ತಂದು ಪ್ರತಿ ಮಾಡಿಕೊಳ್ಳದಿದ್ದರೆ, ಕಾವ್ಯ ಮುಂದಿನ ತಲೆಮಾರಿಗೆ ದಾಟುತ್ತಿರಲಿಲ್ಲ.

ಈಗ ಮೇಷ್ಟ್ರ ಪುಸ್ತಕದ ವಿಷಯ ಹೇಳಬೇಕು.

2023ರಲ್ಲಿ ಬೆಂಗಳೂರಿಗೆ ಹೋಗಿದ್ದಾಗ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ, ಎಂಜಿನಿಯರಿಂಗ್ ಪುಸ್ತಕಗಳ ರಾಶಿಯ ತಳದಲ್ಲಿ, ಒಂದು ಪ್ರಬಂಧಸಂಕಲನ ಸಿಕ್ಕಿತು. 1964ರ ಮುದ್ರಣ, ಮೂಲ ಬೆಲೆ ಎರಡು ರೂಪಾಯಿ, ನಾನು ಕೊಟ್ಟದ್ದು ನಲವತ್ತು. ಲೋಹದ ಅಚ್ಚುಮೊಳೆ ಜೋಡಿಸಿ ಮುದ್ರಿಸುತ್ತಿದ್ದ ಕಾಲದ್ದು. ಹಾಳೆಯ ಹಿಂಬದಿ ಸವರಿದರೆ ಅಕ್ಷರದ ಉಬ್ಬು ಬೆರಳಿಗೆ ಹತ್ತುತ್ತದೆ. ಮೊದಲ ಪುಟದಲ್ಲಿ ನೀಲಿ ಶಾಯಿಯಲ್ಲಿ ಒಬ್ಬ ಹೆಡ್‌ಮಾಸ್ತರರ ಹೆಸರು, ಕಡೂರು ತಾಲ್ಲೂಕಿನ ಒಂದು ಊರಿನ ವಿಳಾಸ. ಬಸ್ಸಿನಲ್ಲಿ ಕೂತು ತೆರೆದು ನೋಡಿದರೆ ಅಂಚಿನ ತುಂಬ ಸಣ್ಣ ಅಕ್ಷರದ ಬರಹ. ಪುಸ್ತಕದ ಬಗೆಗಿನ ಟಿಪ್ಪಣಿ ಇರಬಹುದು ಎಂದುಕೊಂಡೆ. ಮಳೆಯ ಬಗ್ಗೆ ಬರೆದ ಪ್ರಬಂಧವೊಂದರ ಪಕ್ಕದಲ್ಲಿ ಹೀಗಿತ್ತು: ‘ನಿನ್ನೆ ನಮ್ಮಲ್ಲೂ ಹೀಗೆಯೇ. ಕೆರೆ ಕೋಡಿ ಬಿತ್ತು. 12-7-68.’ ಹತ್ತು ಪುಟ ದಾಟಿದ ಮೇಲೆ: ‘ಓದು ಇಲ್ಲಿಗೆ ನಿಲ್ಲಿಸಿದೆ. ಅಪ್ಪನಿಗೆ ಜ್ವರ.’ ಅದರ ಕೆಳಗೆ ಬೇರೆ ಶಾಯಿಯಲ್ಲಿ, ಒಂದೇ ಪದ: ‘ಮುಂದುವರಿಸಿದೆ.’ ನಡುವೆ ಎಷ್ಟು ದಿನ ಕಳೆಯಿತು, ಅಪ್ಪ ಎದ್ದು ಕೂತರೋ ಇಲ್ಲವೋ ಪುಸ್ತಕ ಹೇಳುವುದಿಲ್ಲ. ಹಿಂಬದಿಯ ಖಾಲಿ ಹಾಳೆಯಲ್ಲಿ ಹಾಲಿನ ಲೆಕ್ಕ, ಎರಡು ಮೂಟೆ ರಾಗಿಯ ಲೆಕ್ಕ, ಯಾರಿಗೋ ಕೊಟ್ಟ ಹದಿನೈದು ರೂಪಾಯಿ ಕೈಸಾಲದ ಲೆಕ್ಕ.

ಮೈಸೂರಿಗೆ ಬಂದವಳೇ ಆ ವಿಳಾಸಕ್ಕೆ ಒಂದು ಕಾರ್ಡು ಬರೆದೆ. ಐವತ್ತೈದು ವರ್ಷ ಹಳೆಯ ವಿಳಾಸ, ಉತ್ತರದ ಆಸೆಯೇನೂ ಇರಲಿಲ್ಲ. ಒಂದೂವರೆ ತಿಂಗಳಿಗೆ ಅವರ ಮಗನಿಂದ ಕಾಗದ ಬಂತು. ಹಳೆಯ ಮನೆ ಕೆಡವಿಸುವಾಗ ಅಟ್ಟದ ಪುಸ್ತಕಗಳು ಮಳೆಗೆ ನೆನೆದಿದ್ದವಂತೆ, ಗಡಿಬಿಡಿಯಲ್ಲಿ ಅರ್ಧಕ್ಕರ್ಧ ಗುಜರಿಯವರಿಗೆ ಹಾಕಿಬಿಟ್ಟರಂತೆ. ಪುಸ್ತಕ ಹಿಂದಿರುಗಿಸುತ್ತೇನೆ ಎಂದು ನಾನು ಬರೆದಿದ್ದೆ. ಅದಕ್ಕೆ ಅವರು, ‘ಪುಸ್ತಕ ಓದುವವರ ಕೈಗೆ ಸೇರಿದೆ, ಅಲ್ಲಿಯೇ ಇರಲಿ. ನಮ್ಮ ತಂದೆ ಅಂಚಿನಲ್ಲಿ ಬರೆದದ್ದಷ್ಟನ್ನು ದಯವಿಟ್ಟು ಬರೆದು ಕಳುಹಿಸಿ’ ಎಂದಿದ್ದರು. ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಬಹುದಿತ್ತು, ಆಮೇಲೆ ಅದನ್ನೂ ಕಳಿಸಿದೆ. ಆದರೆ ಅವರು ಕೇಳಿದ್ದು ಬರೆದು ಕಳಿಸಿ ಎಂದು. ಎರಡು ಸಂಜೆ ಕೂತು ಹತ್ತೊಂಬತ್ತು ಟಿಪ್ಪಣಿಗಳನ್ನು, ಪುಟಸಂಖ್ಯೆ ಸಮೇತ, ಗೆರೆಹಾಳೆಯ ಮೇಲೆ ನನ್ನ ಕೈಯಲ್ಲೇ ಬರೆದೆ. ಕಂಡು ಕೇಳದ ಒಬ್ಬರ ದಿನಚರಿಯನ್ನು ನಕಲು ಮಾಡುವಾಗ ನನ್ನ ಅಕ್ಷರ ತಾನಾಗಿಯೇ ದುಂಡಗಾಯಿತು.

2024ರ ಬೇಸಿಗೆಯಲ್ಲಿ ಅವರಿಂದ ಒಂದು ಪಾರ್ಸೆಲ್ ಬಂತು. ಉಳಿದಿದ್ದ ಪುಸ್ತಕಗಳಲ್ಲಿ ಹದಿನಾಲ್ಕನ್ನು ಗೋಣಿಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗು ಹಾಕಿ ಕಳಿಸಿದ್ದರು. ‘ನಿಮ್ಮ ಗಿರಣಿಯ ಹಲಗೆಗೆ’ ಎಂದು ಒಂದು ಚೀಟಿ. ಆಗಿನ್ನೂ ರಿಜಿಸ್ಟರ್ಡ್ ಬುಕ್ ಪೋಸ್ಟ್ ಇತ್ತು. ಐದು ಕಿಲೋ ಪುಸ್ತಕ ದೇಶದ ಯಾವ ಮೂಲೆಗಾದರೂ 80 ರೂಪಾಯಿಗೆ ಹೋಗುತ್ತಿತ್ತು. ಸಣ್ಣ ಪ್ರಕಾಶಕರು, ಹಳೆಯ ಪುಸ್ತಕ ಹುಡುಕುವವರು, ನಮ್ಮಂಥವರು ಎಲ್ಲರೂ ನೆಚ್ಚಿಕೊಂಡಿದ್ದ ದಾರಿ ಅದು. 2024ರ ಡಿಸೆಂಬರಿನಲ್ಲಿ ಅದು ನಿಂತುಹೋಯಿತು. ಮುಂದಿನ ಕೆಲವು ತಿಂಗಳು ಪುಸ್ತಕದ ಬೆಲೆಗಿಂತ ಅದನ್ನು ಕಳಿಸುವ ಖರ್ಚೇ ಹೆಚ್ಚು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದಲ್ಲಿ ಪ್ರಕಾಶಕರ ಇಲ್ಲವೇ ಮುದ್ರಕರ ಹೆಸರಿರಬೇಕು. ವಿಮಾನವೇರುವುದಿಲ್ಲ, ನೆಲದ ಮೇಲೆಯೇ ನಿಧಾನವಾಗಿ ಹೋಗುತ್ತದೆ. ಹೋಗಲಿ, ಅರವತ್ತು ವರ್ಷ ಕಾದ ಪುಸ್ತಕಕ್ಕೆ ಇನ್ನೊಂದು ವಾರ ಏನು ಮಹಾ. ತಮ್ಮ ಪುಸ್ತಕದ ಗಂಟು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಕಾದಂಬರಿಕಾರ ಗಳಗನಾಥರ ಭಾಷೆ ನಮ್ಮ ಕನ್ನಡ. ನೂರು ರೂಪಾಯಿಯ ಅಂಚೆಯನ್ನಾದರೂ ನಾವು ಬಳಸದೆ ಬಿಡಬಾರದು.

ಕೊಡುವುದು ಅಂದ ಕೂಡಲೇ ಮನೆ ಖಾಲಿ ಮಾಡುವುದು ಎಂದುಕೊಳ್ಳುವವರೂ ಇದ್ದಾರೆ, ಅವರ ಬಗ್ಗೆ ನನಗೆ ಬೇಸರವಿದೆ. ಹಲಗೆಯ ಸುದ್ದಿ ಹರಡಿದ ಮೇಲೆ ಒಬ್ಬರು ಎರಡು ಚೀಲ ತಂದು ಗಿರಣಿಯ ಬಾಗಿಲಲ್ಲಿ ಇಳಿಸಿ ಹೋದರು. ತೆಗೆದು ನೋಡಿದರೆ ಹತ್ತು ವರ್ಷ ಹಳೆಯ ಸಿಇಟಿ ಗೈಡುಗಳು, ವಿಂಡೋಸ್ 98 ಕಲಿಸುವ ಪುಸ್ತಕ, ಮಧ್ಯದ ಹಾಳೆ ಕಿತ್ತುಹೋದ ಕಾದಂಬರಿ, ಯಾವುದೋ ಕಂಪನಿಯ ಡೈರಿಗಳು. ಇವನ್ನು ಗುಜರಿಗೆ ಹಾಕಿದ್ದರೆ ಅವರಿಗೆ ಮೂವತ್ತು ನಲವತ್ತು ರೂಪಾಯಿ ಸಿಗುತ್ತಿತ್ತು. ನಮಗೆ ಕೊಟ್ಟು ಪುಣ್ಯ ಪಡೆದೆವು ಎಂದುಕೊಂಡರು. ಹಳ್ಳಿಯ ಗ್ರಂಥಾಲಯಗಳಿಗೂ ಇದೇ ಪಾಡು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಎಂಬ ಸರ್ಕಾರಿ ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳಿಗೆ ಸದಸ್ಯತ್ವ ಉಚಿತ. ಅಂಥ ಒಂದು ಕೇಂದ್ರಕ್ಕೆ ನಾನು ವರ್ಷಕ್ಕೆ ಎರಡು ಸಲ ಪುಸ್ತಕ ಒಯ್ಯುತ್ತೇನೆ. ಹೋಗುವ ಮುಂಚೆ ಅಲ್ಲಿನ ಮೇಲ್ವಿಚಾರಕಿಗೆ ಫೋನ್ ಮಾಡಿ ಏನು ಬೇಕು ಎಂದು ಕೇಳುತ್ತೇನೆ. ಮೊದಲ ಸಲ ಕೇಳಿದಾಗ ಅವರು ಒಂದು ಕ್ಷಣ ಸುಮ್ಮನಾಗಿ, “ಇದುವರೆಗೆ ಯಾರೂ ಹೀಗೆ ಕೇಳಿರಲಿಲ್ಲ” ಅಂದರು. ದೊಡ್ಡ ಅಕ್ಷರದ, ಚಿತ್ರವಿರುವ, ಹತ್ತು ನಿಮಿಷಕ್ಕೆ ಓದಿ ಮುಗಿಯುವ ಕಥೆಪುಸ್ತಕ ಬೇಕು, ಮಕ್ಕಳು ಆಟದ ನಡುವೆ ಬರುತ್ತಾರೆ ಅಂದರು. ನಾನು ಒಯ್ಯಬೇಕೆಂದು ಕಟ್ಟಿಟ್ಟಿದ್ದದ್ದು ದಪ್ಪ ದಪ್ಪ ವಿಚಾರ ಸಾಹಿತ್ಯ. ಕಟ್ಟು ಬಿಚ್ಚಿದೆ.

ನನ್ನ ಮಟ್ಟಿಗೆ ಒಂದು ಅಳತೆ ಇಟ್ಟುಕೊಂಡಿದ್ದೇನೆ. ಕೈಬಿಡುವಾಗ ಸ್ವಲ್ಪವಾದರೂ ಹೊಟ್ಟೆ ಚುರುಕ್ಕೆನ್ನದ ಪುಸ್ತಕವನ್ನು ಇನ್ನೊಬ್ಬರಿಗೆ ಕೊಡಬಾರದು.

ಹೊರದೇಶಗಳಲ್ಲೂ ಇಂಥವು ಇವೆ. ಅಮೆರಿಕದ ವಿಸ್ಕಾನ್ಸಿನ್‌ನ ಹಡ್ಸನ್ ಎಂಬ ಊರಿನಲ್ಲಿ ಟಾಡ್ ಬೋಲ್ ಎಂಬುವವರು 2009ರಲ್ಲಿ, ಶಿಕ್ಷಕಿಯಾಗಿದ್ದ ತಾಯಿಯ ನೆನಪಿಗೆ, ಒಂದೇ ಕೋಣೆಯ ಶಾಲೆಯ ಆಕಾರದ ಪುಟ್ಟ ಪೆಟ್ಟಿಗೆ ಮಾಡಿ ಮನೆಯ ಮುಂದೆ ಕಂಬದ ಮೇಲೆ ನಿಲ್ಲಿಸಿದರು. ಹಾದುಹೋಗುವವರು ಒಂದು ತೆಗೆದುಕೊಳ್ಳಬಹುದು, ಒಂದು ಇಡಬಹುದು. ಈಗ ಅಂಥ ಪೆಟ್ಟಿಗೆಗಳು ನೂರಕ್ಕೂ ಹೆಚ್ಚು ದೇಶಗಳಲ್ಲಿವೆ. ಚಂದದ ಕೆಲಸ. ಆದರೆ ನನಗೆ ದಾರಿ ತೋರಿದವರು ಇಲ್ಲಿಯೇ, ನಮ್ಮ ಊರಿನಲ್ಲೇ ಇದ್ದರು.

ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಅವರ ಗ್ರಂಥಾಲಯವಿತ್ತು. ಕೂಲಿ ಮಾಡಿ ಬದುಕುವ ಮನುಷ್ಯ. ತಮಗೆ ಓದುವ ಅವಕಾಶ ಸಿಗದಿದ್ದರೂ ಅಕ್ಕಪಕ್ಕದವರು ಕನ್ನಡ ಓದಲಿ ಎಂದು ತಗಡಿನ ಶೆಡ್ಡಿನಂಥ ಜಾಗದಲ್ಲಿ ಸುಮಾರು 11,000 ಪುಸ್ತಕ ಸೇರಿಸಿದ್ದರು, ಹೆಚ್ಚಿನವು ಕನ್ನಡದವು. ಭಗವದ್ಗೀತೆಯೂ ಇತ್ತು, ಕುರಾನ್, ಬೈಬಲ್‌ಗಳೂ ಇದ್ದವು. ದಿನಪತ್ರಿಕೆಗಳನ್ನು ತಮ್ಮ ದುಡಿಮೆಯಲ್ಲೇ ತರಿಸುತ್ತಿದ್ದರು. 2021ರ ಏಪ್ರಿಲ್ 9ರ ಬೆಳಗಿನ ಜಾವ ಅದೆಲ್ಲ ಸುಟ್ಟು ಬೂದಿಯಾಯಿತು. ಆ ದಿನ ಟಿವಿಯಲ್ಲಿ ಕಂಡ ಕಪ್ಪು ರಾಶಿಯನ್ನು ನಾನು ಮರೆತಿಲ್ಲ. ಸುಟ್ಟ ಪುಸ್ತಕ ಪೂರ್ತಿ ಬೂದಿಯಾಗುವುದಿಲ್ಲ, ಅಂಚು ಮಾತ್ರ ಕರಕಲಾಗಿ ನಡುವಿನ ನಾಲ್ಕು ಸಾಲು ಉಳಿದಿರುತ್ತವೆ. ಮರುದಿನದಿಂದಲೇ ರಾಜ್ಯದ ಒಳಗಿಂದ, ಹೊರಗಿಂದ, ಅವರನ್ನು ಕಂಡೇ ಇರದವರು ಪುಸ್ತಕ ಕೊಡಲು ಮುಂದೆ ಬಂದರು. ನಾನೂ ಒಂದು ಪೆಟ್ಟಿಗೆ ಕಟ್ಟಿದೆ. ಅವತ್ತು ಕಟ್ಟುವಾಗ ಆರಿಸಲಿಲ್ಲ, ಅಳೆಯಲಿಲ್ಲ, ನನಗೆ ಬಹಳ ಇಷ್ಟವಾದವನ್ನೇ ಹಾಕಿದೆ.

ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರ ಪುಸ್ತಕದ ಮನೆಯಿದೆ. ಒಂದು ಕಾಲಕ್ಕೆ ಬಸ್ ಕಂಡಕ್ಟರ್ ಆಗಿದ್ದು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು, ಬದುಕಿನ ಗಳಿಕೆಯನ್ನೆಲ್ಲ ಪುಸ್ತಕಕ್ಕೆ ಸುರಿದವರು. ಲಕ್ಷಗಟ್ಟಲೆ ಪುಸ್ತಕ, ಕಪಾಟು ಸಾಲದೆ ನೆಲದ ಮೇಲೆ, ಮೂಟೆಗಳಲ್ಲಿ. ಯಾರು ಬೇಕಾದರೂ ಹೋಗಿ ಕೂತು ಓದಬಹುದು. ಅಲ್ಲಿಗೆ ಹೋದಾಗ ನನಗೆ ಕಾಲಿಡಲೂ ಭಯವಾಯಿತು, ಯಾವ ರಾಶಿಯಲ್ಲಿ ಯಾವುದರ ಕೊನೆಯ ಪ್ರತಿ ಇದೆಯೋ! ಅವರು ಕೂಡಿಡುವವರು, ನಾನು ಕೈಬಿಡುವವಳು. ಎರಡೂ ಬೇಕು. ಒಬ್ಬರು ಕೂಡಿಡದಿದ್ದರೆ ಹುಡುಕಿದಾಗ ಸಿಗುವುದಿಲ್ಲ, ಒಬ್ಬರು ಕೈಬಿಡದಿದ್ದರೆ ಹುಡುಕದವರಿಗೆ ಸಿಗುವುದಿಲ್ಲ. ರಾಗಿ ಬೀಸಿಸಲು ಬಂದವರು ಪುಸ್ತಕ ಹುಡುಕಿಕೊಂಡು ಬಂದವರಲ್ಲವಲ್ಲ.

2022ರ ಆಗಸ್ಟಿನಲ್ಲಿ ನಮ್ಮ ಹಲಗೆಯೂ ಒಮ್ಮೆ ಪೂರ್ತಿ ಖಾಲಿಯಾಯಿತು. ಸೋಮವಾರ ಬೆಳಿಗ್ಗೆ ಯಜಮಾನರು ಬಾಗಿಲು ತೆಗೆದಾಗ ನಲವತ್ತೊಂದು ಪುಸ್ತಕಗಳಲ್ಲಿ ಒಂದೂ ಇರಲಿಲ್ಲ. ಹಿಂದಿನ ಸಂಜೆ, ಗಿರಣಿ ಮುಚ್ಚುವ ಗಡಿಬಿಡಿಯಲ್ಲಿ, ಯಾರೋ ಚೀಲಕ್ಕೆ ತುಂಬಿಕೊಂಡು ಹೋಗಿದ್ದರು. ರಟ್ಟಿನ ಫಲಕವನ್ನೂ ಬಿಟ್ಟಿರಲಿಲ್ಲ. ನನಗೆ ಅಳು ಬಂತು. ಒಯ್ಯಿರಿ ಎಂದು ಬರೆದವಳೇ ನಾನು, ಒಯ್ದರೆ ಅಳುವುದೇಕೆ ಎಂದು ಸಮಾಧಾನ ಹೇಳಿಕೊಂಡರೂ ತಡೆಯಲಾಗಲಿಲ್ಲ. ಎರಡು ಬೀದಿ ಆಚೆ ಇರುವ ಗುಜರಿ ಅಂಗಡಿಗೆ ಹೋಗಿ ನೋಡಿದೆ. ಅಲ್ಲಿದ್ದವು. ತಕ್ಕಡಿಯ ಪಕ್ಕದಲ್ಲಿ, ಹಳೆಯ ದಿನಪತ್ರಿಕೆಯ ಕಟ್ಟಿನ ಮೇಲೆ, ಬೆನ್ನಿನ ಮೇಲೆ ಇನ್ನೂ ಹಿಟ್ಟು. ಲೆಕ್ಕ ಹಾಕಿದರೆ ಮೂವತ್ತಮೂರು. ಗುಜರಿಯವರು ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟರು, ಲಾಭ ಹಾಕಲಿಲ್ಲ. ಹಿಂದಿನ ಗೂಡಿನಲ್ಲಿ ಇನ್ನೂ ಮೂರು ಬೇರೆ ಇಟ್ಟಿದ್ದು ಕಣ್ಣಿಗೆ ಬಿತ್ತು. “ಅವೂ ನಮ್ಮವೇ” ಅಂದೆ.

“ಅವು ಕೊಡಲ್ಲ ಅಕ್ಕ. ಮಗಳಿಗೆ ಎತ್ತಿಟ್ಟೀನಿ” ಅಂದರು.

ಮೂವತ್ತಮೂರನ್ನು ಹೊತ್ತುಕೊಂಡು ಬಂದೆ. ಉಳಿದ ಐದು ಏನಾದವೋ ತಿಳಿಯಲಿಲ್ಲ. ಆದರೆ ಆ ಗುಜರಿಯವರ ಜೊತೆ ಅವತ್ತು ಶುರುವಾದ ಪರಿಚಯ ಈಗ ಹಲಗೆಯ ಜೀವಾಳ. ನಮ್ಮ ಬಡಾವಣೆಯಲ್ಲಿ ಹಳೆಯ ಮನೆ ಕೆಡವದ ತಿಂಗಳಿಲ್ಲ. ಅಟ್ಟದಿಂದ ಇಳಿದ ಕನ್ನಡ ಪುಸ್ತಕ ಮೊದಲು ಬಂದು ಬೀಳುವುದು ಅವರ ತಕ್ಕಡಿಗೇ. ಅವರು ರಟ್ಟು ಗಟ್ಟಿಯಿರುವುದನ್ನೆಲ್ಲ ಒಂದು ಗೋಣಿಗೆ ಹಾಕಿಡುತ್ತಾರೆ, ಮಗಳು ಆರಿಸಿಕೊಂಡ ಮೇಲೆ ನನಗೆ ಫೋನ್ ಮಾಡುತ್ತಾರೆ. ಮದುವೆಯ ಉಡುಗೊರೆಯಾಗಿ ಕೊಟ್ಟ ಪುಸ್ತಕಗಳೇ ಅದರಲ್ಲಿ ಹೆಚ್ಚು. ‘ನವದಂಪತಿಗಳಿಗೆ ಶುಭ ಹಾರೈಕೆಗಳೊಂದಿಗೆ’ ಎಂದು ಬರೆದು, ಒಂದು ಮೂಲೆಯಲ್ಲಿ ಅರಿಶಿನ ಹಚ್ಚಿರುತ್ತದೆ. ಅನೇಕದರಲ್ಲಿ ಹಾಳೆಗಳ ಮಡಿಕೆಯನ್ನೂ ಬಿಡಿಸಿರುವುದಿಲ್ಲ. ನಲವತ್ತು ವರ್ಷ ಒಂದು ಮನೆಯಲ್ಲಿದ್ದು ಯಾರೂ ತೆರೆಯದ ಪುಸ್ತಕವನ್ನು ಗಿರಣಿಯ ಬೆಂಚಿನ ಮೇಲೆ ಒಬ್ಬ ಹುಡುಗ ಸ್ಟೀಲಿನ ಅಳತೆಪಟ್ಟಿಯಿಂದ ಸೀಳಿ ಸೀಳಿ ಓದುವುದನ್ನು ನಾನು ನೋಡಿದ್ದೇನೆ.

ಮೇಷ್ಟ್ರ ಮನೆಯಿಂದ ಬಂದ ಹದಿನಾಲ್ಕು ಪುಸ್ತಕಗಳೂ ಹಲಗೆಯಿಂದ ಹೊರಟು ಬಹಳ ದಿನವಾಯಿತು. ಎರಡು ತಿರುಗಿ ಬಂದು ಮತ್ತೆ ಹೋಗಿವೆ. ಆ ಪ್ರಬಂಧಸಂಕಲನ ಮಾತ್ರ ನನ್ನ ಮಂಚದ ಪಕ್ಕದಲ್ಲೇ ಇತ್ತು. ಅದು ಬೇರೆ, ಅದರಲ್ಲಿ ಕೈಬರಹವಿದೆ, ಅದನ್ನು ಕಾಪಾಡಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಮ್ಮ ತಂದೆಯೂ ಬೀರುವಿನ ಮುಂದೆ ನಿಂತು ಇದೇ ಮಾತು ಹೇಳುತ್ತಿದ್ದರು. ಕಳೆದ ತಿಂಗಳು ಅದಕ್ಕೆ ಹೊಸ ಬೈಂಡು ಹಾಕಿದೆ. ಹಾಲಿನ ಲೆಕ್ಕದ ಕೆಳಗೆ ಉಳಿದಿದ್ದ ಜಾಗದಲ್ಲಿ ಪೆನ್ಸಿಲಿನಿಂದ ನನ್ನ ಹೆಸರು, ಮೈಸೂರು, ತಾರೀಕು ಬರೆದೆ. ಭಾನುವಾರ ರಾಗಿಯ ಜೊತೆ ಒಯ್ದು ಹಲಗೆಯ ಎಡತುದಿಯಲ್ಲಿಟ್ಟೆ.

ಮೂರು ವಾರವಾಯಿತು. ಅದು ಅಲ್ಲೇ ಇದೆ. ಕಳೆದ ಭಾನುವಾರ ಹೋದಾಗ ಮೇಲೆ ಕೂತ ಹಿಟ್ಟು ಒರೆಸಿ ತೆರೆದು ನೋಡಿದೆ. ಕೆರೆ ಕೋಡಿ ಬಿದ್ದ ಪುಟದವರೆಗೆ, ಬಲಗಡೆಯ ಕೆಳಮೂಲೆಯಲ್ಲಿ, ಬೂದುಗೆಂಪು ಬೆರಳಿನ ಗುರುತಿತ್ತು.